ಇಲಿ ಮೂಳೆ ಕೂಡ್ತಂತೆ, ನಮ್ಮ ಭಾವಂದು ಕೂಡುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಭಾವ ಬೈಕಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರ್ಕೊಂಡು ವರ್ಷ ಆಗ್ತಾ ಬಂತು, ರಾಡ್ ಹಾಕಿದಾರೆ, ಎಕ್ಸ್‌ರೇ ತೆಗೆಸಿದ್ರೆ ಮೂಳೆ ಇನ್ನೂ ಕೂಡಿಲ್ಲ ಅಂತಾರೆ. ಒಂದು ಕ್ಲಿನಿಕ್‌ನೋರು ಸ್ಟೆಮ್ ಸೆಲ್ ಇಂಜೆಕ್ಷನ್ ಮಾಡಿಸಿ, ಪ್ರಾಣಿಗಳಲ್ಲಿ ಪ್ರೂವ್ ಆಗಿದೆ ಅಂತ ಇಲಿ ಎಕ್ಸ್‌ರೇ ಇರೋ ಪಾಂಪ್ಲೆಟ್ ಕೊಟ್ರು. ನಂಬಬಹುದಾ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಸ್ಟೆಮ್ ಸೆಲ್ ಅಂದ್ರೆ ಮೂಳೆ ಥರದ ಬೇರೆ ಸೆಲ್ ಆಗಿ ಬೆಳೆಯಬಲ್ಲ ಮೂಲ ಸೆಲ್. ಅದನ್ನ ಹಾಕಿ ಇಲಿ ಮೂಳೆ ಕೂಡಿದ್ದು ಸುಳ್ಳಿರಲಿಕ್ಕಿಲ್ಲ. ಆದ್ರೆ ಅವರನ್ನ ಕೇಳಿ, ಇಲಿ ಮೂಳೆಲಿ ಕುಯ್ದು ಮಾಡಿದ ಗ್ಯಾಪ್ ಎಷ್ಟಿತ್ತು, ಸೆಲ್ ಹಾಕದೇ ಬಿಟ್ಟ ಇಲಿಗೆ ಏನಾಯ್ತು ಅಂತ. ಸಣ್ಣ ಗ್ಯಾಪ್ ಆದ್ರೆ ಇಲಿ ಮೂಳೆ ತಾನಾಗೇ ಮುಚ್ಕೊಳುತ್ತೆ, ಆಮೇಲೆ ಅದರ ಕ್ರೆಡಿಟ್ ಯಾರು ಬೇಕಾದ್ರೂ ತಗೋಬಹುದು! ಇದಕ್ಕೇ 1986ರಲ್ಲಿ ಸ್ಮಿಟ್ಜ್, ಹಾಲಿಂಜರ್ ಅನ್ನೋ ಇಬ್ರು ಸಂಶೋಧಕರು, ಆ ಪ್ರಾಣಿ ಬದುಕಿರೋ ತನಕ ತಾನಾಗಿ ಕೂಡದಷ್ಟು ದೊಡ್ಡ ಗ್ಯಾಪ್ ಮಾಡಿ ಟೆಸ್ಟ್ ಮಾಡ್ಬೇಕು ಅಂದ್ರು. ಇಲಿ ತಲೆಬುರುಡೆಲಿ ಅದು 8 ಮಿ.ಮೀ. ತೂತು, ಕುರಿ ಕಾಲಲ್ಲಿ ಸುಮಾರು 3 ಸೆಂ.ಮೀ.

ಈ ಸೈಜ್ ವ್ಯತ್ಯಾಸ ಸಣ್ಣ ವಿಷ್ಯ ಅಲ್ಲ. ಹಾಕಿದ ಸೆಲ್‌ಗೆ ಆಕ್ಸಿಜನ್ ಬೇಕಲ್ಲ, ರಕ್ತನಾಳದಿಂದ ಅದು ಒಂದೆರಡು ಕೂದಲೆಳೆಯಷ್ಟು ದೂರ ಮಾತ್ರ ಹೋಗುತ್ತೆ, ಇಲಿಯ ಗ್ಯಾಪ್‌ಗೆ ಹೊಸ ರಕ್ತನಾಳ ಬೇಗ ಬಂದು ಸೇರುತ್ತೆ, ಮನುಷ್ಯನ ನಾಲ್ಕು ಸೆಂ.ಮೀ. ಗ್ಯಾಪ್‌ನ ನಡುಮಧ್ಯ ಕೂತ ಸೆಲ್ ಅದು ಬರೋ ಮುಂಚೆನೇ ಸತ್ತಿರುತ್ತೆ. ಜೊತೆಗೆ ನಮ್ಮ ಗಟ್ಟಿಮೂಳೆ ಒಳಗೆ ರಕ್ತನಾಳದ ಸುತ್ತ ಉಂಗುರ ಉಂಗುರವಾಗಿ ಕಟ್ಕೊಂಡಿರೋ ಹ್ಯಾವರ್ಸಿಯನ್ ಸಿಸ್ಟಮ್ ಇರುತ್ತೆ, ಇಲಿಲಿ ಅದು ಇಲ್ಲ ಅಂತಲೇ ಅನ್ನಬಹುದು. ಹಾಗಾಗಿ ಇಲಿ ಮೊದಲನೇ ಮೆಟ್ಟಿಲು ಅಷ್ಟೇ. 1998ರಲ್ಲಿ ಬ್ರೂಡರ್ ಅನ್ನೋ ಸಂಶೋಧಕರ ತಂಡದೋರು ನಾಯಿ ತೊಡೆಮೂಳೆಲಿ 21 ಮಿ.ಮೀ. ಗ್ಯಾಪ್ ಮಾಡಿ, ಅದರದೇ ಅಸ್ಥಿಮಜ್ಜೆ ಸೆಲ್‌ನ ಸೆರಾಮಿಕ್ ತುಂಡಲ್ಲಿ ಇಟ್ಟು ಕೂಡಿಸಿದ್ರು, ಸೆಲ್ ಇಲ್ಲದ ಸೆರಾಮಿಕ್ ಅಷ್ಟು ಚೆನ್ನಾಗಿ ಕೂಡಲಿಲ್ಲ. ಕುರಿಲೂ ಇದೇ ಥರ ಮಾಡಿ ನೋಡಿದ ಮೇಲೆ, 2001ರಲ್ಲಿ ಇಟಲಿ-ರಷ್ಯಾದೋರು ಮೂರು ಜನಕ್ಕೆ ಮಾಡಿದ್ದನ್ನ ವರದಿ ಮಾಡಿದ್ರು. ಮೂರೇ ಜನ!

ಇನ್ನೊಂದು, ಲ್ಯಾಬ್ ಪ್ರಾಣಿಗಳು ಎಳೇ ವಯಸ್ಸಿನವು, ಆರೋಗ್ಯವಾಗಿರ್ತವೆ, ಮೂಳೆನ ಗರಗಸದಲ್ಲಿ ನೀಟಾಗಿ ಕುಯ್ದಿರ್ತಾರೆ. ನಿಮ್ಮ ಭಾವಂದು ರಸ್ತೆಲಿ ಮುರಿದಿದ್ದು. ಸುತ್ತಲಿನ ಮಾಂಸ ಜಜ್ಜಿತ್ತಾ, ಇನ್ಫೆಕ್ಷನ್ ಇದೆಯಾ, ಶುಗರ್ ಇದೆಯಾ, ಬೀಡಿ ಸಿಗರೇಟ್ ಇದೆಯಾ, ಇದ್ಯಾವುದೂ ಪಾಂಪ್ಲೆಟ್‌ನ ಇಲಿಗೆ ಇರಲಿಲ್ಲ.

ನನ್ನನ್ನ ಒಪ್ಪಿಸಬೇಕು ಅಂದ್ರೆ ಅವರು ಇಲಿ ಬಿಟ್ಟು 2005ರಲ್ಲಿ ಫ್ರಾನ್ಸ್‌ನ ‘ಎರ್ನಿಗೂ’ ಅನ್ನೋ ಡಾಕ್ಟರು ಮಾಡಿದ ಕೆಲಸ ತೋರಿಸಬೇಕಿತ್ತು. ಕಾಲಿನ ಇದೇ ಮೂಳೆ ಕೂಡದಿದ್ದ 60 ಜನಕ್ಕೆ, ಇನ್ಫೆಕ್ಷನ್ ಇಲ್ಲದೋರಿಗೆ, ಅವರದೇ ಸೊಂಟದ ಮೂಳೆಯ ಮಜ್ಜೆ ತೆಗೆದು, ಅದರಲ್ಲಿ ಸ್ಟೆಮ್ ಸೆಲ್ ಒತ್ತೊತ್ತಾಗಿ ಇರೋ ಹಾಗೆ ಸಾಂದ್ರ ಮಾಡಿ ಇಂಜೆಕ್ಟ್ ಮಾಡಿದ್ರು, 53 ಜನಕ್ಕೆ ಕೂಡ್ತು. ಕೂಡದ ಏಳು ಜನಕ್ಕೆ ಹೋದ ಸ್ಟೆಮ್ ಸೆಲ್ ಸಂಖ್ಯೆನೇ ಕಮ್ಮಿ ಇತ್ತು. ಅಲ್ಲೂ ಇಂಜೆಕ್ಷನ್ ಕೊಡದ ಇನ್ನೊಂದು ಗುಂಪು ಇರಲಿಲ್ಲ ಅನ್ನೋದು ನೆನಪಿರಲಿ.

ನಮ್ಮ ದೇಶದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಗೈಡ್‌ಲೈನ್ ಪ್ರಕಾರ, ರಕ್ತದ ಕಾಯಿಲೆಗೆ ಮಾಡೋ ಮಜ್ಜೆ ಕಸಿ ಥರದ್ದು ಬಿಟ್ರೆ, ಅಪ್ರೂವ್ ಆದ ಟ್ರಯಲ್ ಹೊರಗೆ ರೋಗಿಗೆ ಸ್ಟೆಮ್ ಸೆಲ್ ಕೊಡೋ ಹಾಗಿಲ್ಲ. ಟ್ರಯಲ್ ನಂಬರ್ ಕೇಳಿ. ನಂಬರ್ ಕೊಡದೇ ಬಿಲ್ ಕೊಟ್ರೆ ಎದ್ದು ಬನ್ನಿ. ಮೊದಲು ಮೂಳೆ ಡಾಕ್ಟರ ಹತ್ರ ಇನ್ಫೆಕ್ಷನ್ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ, ರಾಡ್ ಬದಲಿಸಬೇಕಾ, ಸೊಂಟದ ಮೂಳೆಯಿಂದ ಚೂರು ತೆಗೆದು ಮುರಿದ ಜಾಗಕ್ಕೆ ಹಾಕೋ ಗ್ರಾಫ್ಟ್ ಮಾಡಬೇಕಾ ಕೇಳಿ. ಇವೆಲ್ಲ ಹಳೇ ದಾರಿ, ಆದ್ರೆ ಕೆಲಸ ಮಾಡ್ತವೆ.

ಪ್ರಶ್ನೆ: ಪಾಪದ ಕುರಿ ಯಾಕೆ ಬೇಕು, ಲ್ಯಾಬ್ ತಟ್ಟೆಲೇ ಟೆಸ್ಟ್ ಮಾಡೋಕಾಗಲ್ವಾ?
- ಓದುಗರೊಬ್ಬರು, ಶಿರಸಿ

ಉತ್ತರ: ತಟ್ಟೆಲಿ ಸೆಲ್ ಕ್ಯಾಲ್ಸಿಯಂ ಕೂಡಿಹಾಕಿದ್ರೆ ಬಣ್ಣ ಹಾಕಿದಾಗ ಕೆಂಪಗೆ ಕಾಣುತ್ತೆ, ಅಷ್ಟಕ್ಕೇ ಮೂಳೆ ಆಯ್ತು ಅನ್ನೋಕಾಗಲ್ಲ, ಮೂಳೆ ಭಾರ ಹೊರಬೇಕು. ಕುರಿ ತೂಕ ಹೆಚ್ಚುಕಮ್ಮಿ ದೊಡ್ಡ ಮನುಷ್ಯನಷ್ಟೇ ಇರುತ್ತೆ, ಅದಕ್ಕೇ ಅದನ್ನ ಆರಿಸ್ತಾರೆ. ಎಥಿಕ್ಸ್ ಕಮಿಟಿ ಒಪ್ಪಿಗೆ, ಅನಸ್ತೇಶಿಯಾ ಎಲ್ಲಾ ಕಡ್ಡಾಯ. 2023ರಲ್ಲಿ ನಮ್ಮ ಡ್ರಗ್ ಟ್ರಯಲ್ ರೂಲ್ಸ್ ತಿದ್ದಿ, ಪ್ರಾಣಿ ಬದಲು ಚಿಪ್ ಮೇಲೆ ಸೆಲ್ ಬೆಳೆಸಿ ಮಾಡಿದ ಪುಟ್ಟ ಅಂಗದ ಮಾದರಿ, ಕಂಪ್ಯೂಟರ್ ಮಾಡೆಲ್ ಥರದ್ದಕ್ಕೂ ದಾರಿ ಮಾಡಿದಾರೆ. ಆದ್ರೆ ನಡೆಯೋ ಕಾಲನ್ನ ಚಿಪ್ಪಲ್ಲಿ ಇಡೋಕೆ ಇನ್ನೂ ಆಗಿಲ್ಲ.