ಪ್ರಯಾಣದಲ್ಲಿ ಕರೆಂಟ್ ನಂಬುವಂತಿಲ್ಲ. ಲ್ಯಾಪ್‌ಟಾಪ್ ಕಾಪಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ಕೆಲಸದ ಮೇಲೆ ತಿಂಗಳುಗಟ್ಟಲೆ ಊರೂರು ಸುತ್ತುತ್ತೇನೆ. ಉಳಿದುಕೊಳ್ಳುವ ಕಡೆ ಕರೆಂಟ್ ದಿನಕ್ಕೆ ನಾಲ್ಕೈದು ಸಲ ಹೋಗಿ ಬರುತ್ತದೆ. ಹೋದ ಸಲ ಕೋಣೆಯ ಬಲ್ಬ್ ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವ ಹಾಗೆ ಉರಿಯಿತು. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ಚಾರ್ಜರ್ 'ಟಪ್' ಎಂದು ಸುಟ್ಟು ಹೋಯಿತು. ಅದನ್ನು ಸರ್ಜ್ ಪ್ರೊಟೆಕ್ಟರ್ ಇರುವ ಬೋರ್ಡ್‌ಗೇ ಹಾಕಿದ್ದೆ. ಬೋರ್ಡಿನಿಂದಲೂ ಸುಟ್ಟ ವಾಸನೆ ಬಂತು. ಅದು ಯಾಕೆ ಕಾಪಾಡಲಿಲ್ಲ? ಇನ್ನು ಸ್ಟೆಬಿಲೈಜರ್ ಹೊತ್ತುಕೊಂಡು ಹೋಗಬೇಕೇ?

ಉತ್ತರ: ಸ್ಟೆಬಿಲೈಜರ್ ಬೇಡ. ಆದರೆ ನೀವು ಹೇಳಿದ ಆ ಬಲ್ಬಿನ ವಿಷಯ ಬಹಳ ಮುಖ್ಯ. ಬಲ್ಬ್ ಜೋರಾಗಿ ಉರಿದು, ಸ್ವಲ್ಪ ಹೊತ್ತಿನ ಮೇಲೆ ಚಾರ್ಜರ್ ಸುಟ್ಟಿದೆ ಎಂದರೆ, ಬಹುಮಟ್ಟಿಗೆ ಅದು ನ್ಯೂಟ್ರಲ್ ತಂತಿ (ಕರೆಂಟ್ ವಾಪಸ್ ಹೋಗುವ ತಂತಿ) ಸಡಿಲವಾದ ಅಥವಾ ಕಡಿದುಹೋದ ಪ್ರಸಂಗ.

230 ವೋಲ್ಟ್ ಇರುವ ಕಡೆ ಬೀದಿಯ ಲೈನಿನಲ್ಲಿ ಸಾಮಾನ್ಯವಾಗಿ ಮೂರು ಫೇಸ್, ಅಂದರೆ ಕರೆಂಟ್ ತರುವ ಮೂರು ತಂತಿ, ಇರುತ್ತವೆ. ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್. ಆದರೆ ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್. ನ್ಯೂಟ್ರಲ್ ಕಡಿದರೆ ಈ 400 ವೋಲ್ಟ್ ಮನೆಮನೆಗಳ ನಡುವೆ ಹಂಚಿಹೋಗುತ್ತದೆ, ಅದೂ ಸಮಪಾಲಾಗಿ ಅಲ್ಲ. ಜಾಸ್ತಿ ಸಾಮಾನು ಓಡುತ್ತಿರುವ ಕಡೆ ವೋಲ್ಟೇಜ್ ಕುಸಿಯುತ್ತದೆ, ಕಡಿಮೆ ಓಡುತ್ತಿರುವ ಕಡೆ ಏರುತ್ತದೆ. ಒಂದು ಕಡೆ ದೀಪ ಮಂಕಾಗಿ, ಪಕ್ಕದಲ್ಲೇ ಜೋರಾದರೆ ಬೇರೇನೂ ಯೋಚಿಸಬೇಡಿ. ಮೇನ್ ಸ್ವಿಚ್ ಕೈಗೆ ಸಿಗುವಂತಿದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳಿ.

ನಿಮ್ಮ ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಿ ನೋಡಿ. '100-240 ವೋಲ್ಟ್, 50/60 ಹರ್ಟ್ಜ್' ಎಂದಿರುತ್ತದೆ. ಅಂದರೆ ವೋಲ್ಟೇಜ್ 150ಕ್ಕೆ ಇಳಿದರೂ ಅದಕ್ಕೆ ತೊಂದರೆ ಇಲ್ಲ. ಸ್ಟೆಬಿಲೈಜರ್ ಬೇಡ ಎಂದಿದ್ದು ಇದಕ್ಕೇ. ಕಡಿಮೆ ವೋಲ್ಟೇಜ್‌ನಿಂದ ಕಷ್ಟಪಡುವುದು ಫ್ರಿಜ್, ಪಂಪಿನಂಥ ಮೋಟರ್ ಇರುವ ಸಾಮಾನು. ಚಾರ್ಜರ್‌ಗೆ ಭಯ ಇರುವುದು ವೋಲ್ಟೇಜ್ ಮೇಲೇರಿದಾಗ. ಅದರೊಳಗೆ ಬ್ಯಾಟರಿ ಸೆಲ್ಲಿನ ಆಕಾರದ ಒಂದು ಕೆಪಾಸಿಟರ್ (ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಡುವ ಭಾಗ) ಇರುತ್ತದೆ. ಸಾಮಾನ್ಯವಾಗಿ ಅದರ ಮಿತಿ 400 ವೋಲ್ಟ್. ಗೋಡೆಯಲ್ಲಿ 240 ಇದ್ದಾಗಲೇ ಒಳಗೆ ಸುಮಾರು 340 ಏರುತ್ತದೆ. ಯಾಕೆಂದರೆ ಗೋಡೆಯ ಕರೆಂಟ್ ಅಲೆಯಂತೆ ಏರಿಳಿಯುತ್ತದೆ. 240 ಎನ್ನುವುದು ಒಂದು ಬಗೆಯ ಸರಾಸರಿ, ಅಲೆಯ ತುದಿ ಅದಕ್ಕಿಂತ ಮೇಲಿರುತ್ತದೆ. ಗೋಡೆಯಲ್ಲೇ 350 ಬಂದರೆ ಒಳಗೆ 500ರ ಹತ್ತಿರ ಹೋಗುತ್ತದೆ. ಆಗ 'ಟಪ್'.

ಸರ್ಜ್ ಪ್ರೊಟೆಕ್ಟರ್ ವಿಷಯಕ್ಕೆ ಬರೋಣ. ನಿಮ್ಮ ಬೋರ್ಡ್ ಕೆಟ್ಟದ್ದು ಎಂದು ನನಗೆ ಅನಿಸುವುದಿಲ್ಲ. ಅದರೊಳಗಿನ ವೇರಿಸ್ಟರ್ ಎಂಬ ಬಿಲ್ಲೆ ಇರುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಹೊತ್ತು ಇರುವ ಏಟನ್ನು ನುಂಗುವುದಕ್ಕೆ. ದೂರದ ಸಿಡಿಲು, ಪಕ್ಕದ ದೊಡ್ಡ ಮೋಟರ್ ಆರಿದಾಗ ಬರುವ ಏಟು, ಅಂಥವು. ವೋಲ್ಟೇಜ್ ಏರಿ ಅಲ್ಲೇ ನಿಂತುಬಿಟ್ಟರೆ ಬಿಲ್ಲೆ ಕಾದು ತಾನೇ ಸುಡುತ್ತದೆ. ನಿಮಗೆ ಬಂದ ವಾಸನೆ ಅದೇ. ಆ ಬೋರ್ಡ್ ಇನ್ನು ಬಳಸಬೇಡಿ, ಸಾಕೆಟ್‌ನಲ್ಲಿ ಕರೆಂಟ್ ಬರುತ್ತಿದ್ದರೂ ಕೂಡ. ಒಳಗಿನ ರಕ್ಷಣೆ ಮುಗಿದಿದೆ.

ನಿಮಗೆ ಬೇಕಾಗಿದ್ದು ಬೇರೆ ಸಾಧನ: ವೋಲ್ಟೇಜ್ ಮಿತಿ ಮೀರಿದ ಕೂಡಲೇ ಲೈನ್ ಕತ್ತರಿಸುವ ವೋಲ್ಟೇಜ್ ಪ್ರೊಟೆಕ್ಟರ್. ಅಂಗೈ ಗಾತ್ರದ್ದು ಸಿಗುತ್ತದೆ. ಗೋಡೆಯ ಸಾಕೆಟ್‌ಗೆ ಅದು, ಅದಕ್ಕೆ ನಿಮ್ಮ ಚಾರ್ಜರ್. ಮುಖದ ಮೇಲೆ ವೋಲ್ಟೇಜ್ ಅಂಕಿ ತೋರಿಸುವಂಥದ್ದೇ ತೆಗೆದುಕೊಳ್ಳಿ. ಹೊಸ ಕೋಣೆಗೆ ಹೋದ ಕೂಡಲೇ ಅಲ್ಲಿನ ವೋಲ್ಟೇಜ್ ಎಷ್ಟೆಂದು ಕಾಣುತ್ತದೆ. ಮೇಲಿನ ಮಿತಿ 260ರ ಆಸುಪಾಸು ಇರಲಿ. ಕರೆಂಟ್ ವಾಪಸ್ ಬಂದ ಮೇಲೆ ಎರಡು ಮೂರು ನಿಮಿಷ ಕಾದು ಜೋಡಿಸುವ ಸೌಕರ್ಯ ಇದ್ದರೆ ಇನ್ನೂ ಒಳ್ಳೆಯದು. ಬೀದಿಯ ಫ್ರಿಜ್, ಪಂಪ್ ಎಲ್ಲ ಒಟ್ಟಿಗೆ ಎದ್ದು ನಿಲ್ಲುವ ಆ ಮೊದಲ ನಿಮಿಷಗಳಲ್ಲೇ ವೋಲ್ಟೇಜ್ ಜಾಸ್ತಿ ಕುಣಿಯುವುದು. ಇದು ಇಲ್ಲದವರು ಕರೆಂಟ್ ಹೋದಾಗಲೇ ಪ್ಲಗ್ ಕಿತ್ತಿಡಿ, ಬಂದು ಐದು ನಿಮಿಷ ಆದ ಮೇಲೆ ಹಾಕಿ. ಖರ್ಚಿಲ್ಲದ ಕೆಲಸ, ಅಲ್ವಾ? ಜನರೇಟರ್ ಇರುವ ಕಡೆಯೂ ಇದೇ ಅಭ್ಯಾಸ ಇರಲಿ. ಎಂಜಿನ್ ಸದ್ದು ಒಂದೇ ಸಮ ಆಗುವ ತನಕ ಏನನ್ನೂ ಜೋಡಿಸಬೇಡಿ.

ಇನ್ನೊಂದು ಮಾತು, ನಾನು ಪ್ರಯಾಣ ಮಾಡುವ ಎಲ್ಲರಿಗೂ ಹೇಳುವಂಥದ್ದು. ಗೋಡೆಯಿಂದ ಪವರ್ ಬ್ಯಾಂಕ್ ತುಂಬಿಸಿ. ಪವರ್ ಬ್ಯಾಂಕ್‌ನಿಂದ ಫೋನ್, ಕ್ಯಾಮೆರಾ ತುಂಬಿಸಿ. ಫೋಟೊ, ಕಡತ ಎಲ್ಲ ಇರುವ ಸಾಧನ ಕೆಟ್ಟ ಲೈನಿಗೆ ತಗಲುವುದೇ ಇಲ್ಲ. ಹಾಳಾದರೆ ಚಾರ್ಜರ್ ಹಾಳಾಗಲಿ. ಟೈಪ್-ಸಿ ಲ್ಯಾಪ್‌ಟಾಪ್ ಆದರೆ 65 ವಾಟ್ ಕೊಡುವ ಪವರ್ ಬ್ಯಾಂಕ್ ಹೆಚ್ಚಿನವಕ್ಕೆ ಸಾಕು. ವಿಮಾನದಲ್ಲಿ ಅದನ್ನು ಕೈಚೀಲದಲ್ಲೇ ಇಡಬೇಕು. ಸಾಮಾನ್ಯ ಮಿತಿ 100 ವಾಟ್-ಅವರ್ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ). 20,000 ಎಂಎಎಚ್‌ನದು ಸುಮಾರು 74 ವಾಟ್-ಅವರ್, ಹಾಗಾಗಿ ಚಿಂತೆಯಿಲ್ಲ. ಆದರೆ ನಕಲಿ ಚಾರ್ಜರ್ ಮಾತ್ರ ಬೇಡವೇ ಬೇಡ. ಒಳಗೆ ಗೋಡೆಯ ವೋಲ್ಟೇಜ್‌ಗೂ ಫೋನಿನ 5 ವೋಲ್ಟ್‌ಗೂ ನಡುವೆ ಸಾಕಷ್ಟು ಅಂತರವೇ ಬಿಟ್ಟಿರುವುದಿಲ್ಲ. ಸುಟ್ಟಾಗ ಫೋನು ಮಾತ್ರವಲ್ಲ, ಅದನ್ನು ಹಿಡಿದ ಕೈಗೂ ಅಪಾಯ.

ಪ್ರಶ್ನೆ: ಅಮೆರಿಕದಲ್ಲಿ ಕೊಂಡ ಸರ್ಜ್ ಪ್ರೊಟೆಕ್ಟರ್ ಬೋರ್ಡ್ ಮತ್ತು ಹೇರ್ ಡ್ರೈಯರ್ ನನ್ನ ಬಳಿ ಇವೆ. ಟ್ರಾವೆಲ್ ಅಡಾಪ್ಟರ್ ಹಾಕಿ ಯುರೋಪಿನಲ್ಲಿ ಬಳಸಬಹುದೇ?

ಉತ್ತರ: ಎರಡೂ ಬೇಡ. ಟ್ರಾವೆಲ್ ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ. 120 ವೋಲ್ಟಿನ ಡ್ರೈಯರ್‌ಗೆ 230 ಕೊಟ್ಟರೆ ಅದು ಸುಮಾರು ಮೂರೂವರೆ ಪಟ್ಟು ಶಕ್ತಿ ಎಳೆದು ಸುಡುತ್ತದೆ. 120 ವೋಲ್ಟಿನ ಸರ್ಜ್ ಬೋರ್ಡ್ ಇನ್ನೂ ಅಪಾಯ. ಅದಕ್ಕೆ 230 ಎಂದರೆ ಮುಗಿಯದ ಏಟು, ಬೆಂಕಿಯೇ ಹತ್ತಬಹುದು. ಎರಡನ್ನೂ ಮನೆಯಲ್ಲೇ ಬಿಟ್ಟು ಹೋಗಿ. ಹಡಗಿನಲ್ಲಿ ಪ್ರವಾಸ ಹೋಗುವವರೂ ಗಮನಿಸಿ: ಹಲವು ಪ್ರವಾಸಿ ಹಡಗುಗಳಲ್ಲಿ ಸರ್ಜ್ ಪ್ರೊಟೆಕ್ಟರ್‌ಗೆ ಅನುಮತಿಯೇ ಇಲ್ಲ.

ಪ್ರಶ್ನೆ: ಕೆಲವು ಕೋಣೆಗಳಲ್ಲಿ ಚಾರ್ಜ್ ಆಗುವಾಗ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಲ್ಯಾಪ್‌ಟಾಪ್ ಕೆಟ್ಟಿದೆಯೇ?

ಉತ್ತರ: ಬರೀ ಜುಮ್ಮೆನ್ನುವುದಾದರೆ ಸಾಮಾನ್ಯವಾಗಿ ಇಲ್ಲ. ಚಾರ್ಜರ್‌ನೊಳಗಿನ ಫಿಲ್ಟರ್‌ನಿಂದ ಬರುವ ಅತಿ ಸಣ್ಣ ಕರೆಂಟ್ ಅದು. ಅರ್ಥಿಂಗ್, ಅಂದರೆ ನೆಲಕ್ಕೆ ಸೇರುವ ತಂತಿ, ಇದ್ದರೆ ಆ ದಾರಿಯಲ್ಲಿ ಇಳಿದುಹೋಗುತ್ತದೆ. ಎರಡು ಪಿನ್ನಿನ ಪ್ಲಗ್ ಆದರೆ, ಅಥವಾ ಸಾಕೆಟ್‌ನಲ್ಲಿ ಅರ್ಥಿಂಗ್ ಇಲ್ಲದಿದ್ದರೆ, ನಿಮ್ಮ ಕೈ ಮುಟ್ಟಿದಾಗ ಗೊತ್ತಾಗುತ್ತದೆ. ಮೂರು ಪಿನ್ನಿನ ಚಾರ್ಜರ್‌ಗೂ ಹೀಗಾದರೆ ಆ ಕೋಣೆಯ ಅರ್ಥಿಂಗ್ ಬಗ್ಗೆ ಅನುಮಾನ ಪಡಬೇಕು. ಅಂಥ ಕಡೆ ಸಾಕೆಟ್ ಬದಲಿಸಿ ನೋಡಿ. ಆಗಲಿಲ್ಲ ಎಂದರೆ ಚಾರ್ಜ್ ಮಾಡಿ, ಪ್ಲಗ್ ಕಿತ್ತು, ಬ್ಯಾಟರಿಯ ಮೇಲೆ ಕೆಲಸ ಮಾಡಿ. ಜುಮ್ಮೆನ್ನುವುದು ಹೋಗಿ ಏಟು ಹೊಡೆದಂತಾದರೆ ತಕ್ಷಣ ಗೋಡೆಯ ಸ್ವಿಚ್ ಆರಿಸಿ. ಆ ಸಾಕೆಟ್ ಮತ್ತೆ ಬಳಸಬೇಡಿ, ಅಲ್ಲಿಯವರಿಗೂ ಹೇಳಿ.