‘ಹೌಲ್ಸ್ ಮೂವಿಂಗ್ ಕ್ಯಾಸಲ್’ ಬರೆದವರಿಗೆ ಆ ಕಲ್ಪನೆಯೆಲ್ಲ ಎಲ್ಲಿಂದ ಬಂತು?

‘ಹೌಲ್ಸ್ ಮೂವಿಂಗ್ ಕ್ಯಾಸಲ್’ ಸಿನಿಮಾ ನೋಡಿದಾಗಿನಿಂದ ಮಗಳು ಅದರ ಪುಸ್ತಕ ಬೇಕು ಅಂತ ಹಟ ಹಿಡಿದಿದ್ದಾಳೆ, ಬರೆದವರು ಯಾರು, ಅವರಿಗೆ ಇದೆಲ್ಲ ಹೊಳೆದದ್ದು ಹೇಗೆ ಅಂತ ಕೇಳಿದ್ದೀರಿ. ಬರೆದವರು ಇಂಗ್ಲೆಂಡಿನ ಡಯಾನಾ ವಿನ್ ಜೋನ್ಸ್. ಪುಸ್ತಕ ಬಂದದ್ದು 1986ರಲ್ಲಿ, ಜಪಾನಿನ ಮಿಯಾಜಾಕಿ ಅದನ್ನು ಸಿನಿಮಾ ಮಾಡಿದ್ದು 2004ರಲ್ಲಿ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಇವರ ಒಂದೊಂದೇ ಪುಸ್ತಕ ಹುಡುಕಿ ಕೂಡಿಸಿಟ್ಟವಳು ನಾನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಪ್ರಭಾವದ ಮಾತು ಬಂದರೆ ಎಲ್ಲರೂ ಮೊದಲು ಆಕ್ಸ್‌ಫರ್ಡ್ ಹೆಸರು ಎತ್ತುತ್ತಾರೆ. 1953ರಿಂದ 1956ರವರೆಗೆ ಅಲ್ಲಿ ಓದಿದ ಜೋನ್ಸ್, ‘ನಾರ್ನಿಯಾ’ ಬರೆದ ಸಿ.ಎಸ್. ಲೂಯಿಸ್ ಮತ್ತು ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಇಬ್ಬರ ಉಪನ್ಯಾಸವನ್ನೂ ಕೇಳಿದವರು. ಲೂಯಿಸ್ ಬಂದರೆ ಹಾಲ್ ತುಂಬುತ್ತಿತ್ತು. ಟೋಲ್ಕಿನ್ ಬೋರ್ಡಿನ ಕಡೆ ತಿರುಗಿ ತಮ್ಮಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದರಂತೆ. ಆದರೂ ಈಕೆ ಬಿಡದೆ ಹೋಗಿ ಕೂತರು. ಇದೆಲ್ಲ ನಿಜ, ಆದರೆ ಬೇರು ಇನ್ನೂ ಹಿಂದಿದೆ ಅಂತ ನನಗನ್ನಿಸುತ್ತದೆ. ಜೋನ್ಸ್ ಬೆಳೆದ ಮನೆಯಲ್ಲಿ ಮಕ್ಕಳಿಗೆ ಓದಲು ಪುಸ್ತಕ ಸಿಗುವುದೇ ಅಪರೂಪವಾಗಿತ್ತು.

ಹುಟ್ಟಿದ್ದು 1934ರಲ್ಲಿ, ಲಂಡನ್ನಿನಲ್ಲಿ. ಐದು ವರ್ಷ ತುಂಬುವ ಹೊತ್ತಿಗೆ ಯುದ್ಧ ಶುರುವಾಯಿತು. ಊರು ಬಿಟ್ಟು ಮೊದಲು ವೇಲ್ಸಿನ ಅಜ್ಜನ ಮನೆ, ಆಮೇಲೆ ಉತ್ತರ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನಲ್ಲೊಂದು ದೊಡ್ಡ ಮನೆ. ಚಿತ್ರ ಬರೆಯೋಣವೆಂದರೆ ಕಾಗದವಿಲ್ಲ. ಅಟ್ಟ ಹತ್ತಿದಾಗ ಒಳ್ಳೆಯ ಕಾಗದದ ಕಟ್ಟು ಸಿಕ್ಕಿತು, ಆದರೆ ಹಾಳೆಯ ತುಂಬ ಯಾರೋ ಬರೆದ ಹೂವುಗಳು. ಹುಡುಗಿ ರಬ್ಬರ್ ತಗೊಂಡು ಸುಮಾರು ಐವತ್ತು ಚಿತ್ರ ಉಜ್ಜಿ ಅಳಿಸಿಬಿಟ್ಟಳು. ಅವು ಹತ್ತೊಂಬತ್ತನೇ ಶತಮಾನದ ಹೆಸರಾಂತ ಕಲಾವಿಮರ್ಶಕ ಜಾನ್ ರಸ್ಕಿನ್ ಬರೆದ ಚಿತ್ರಗಳು! ದೊಡ್ಡವರಾದ ಮೇಲೆ ಅವರೇ ಇದನ್ನು ಬರೆದುಕೊಂಡಿದ್ದಾರೆ.

ಮುಂದೆ ಅಪ್ಪ ಅಮ್ಮ ಥಾಕ್ಸ್ಟೆಡ್ ಅನ್ನುವ ಊರಲ್ಲಿ ಶಿಬಿರ ನಡೆಸುವ ಕೇಂದ್ರವೊಂದನ್ನು ನೋಡಿಕೊಳ್ಳತೊಡಗಿದರು. ಅವರ ಗಮನವೆಲ್ಲ ಬಂದುಹೋಗುವವರ ಮೇಲೆ. ಮೂವರು ಹೆಣ್ಣುಮಕ್ಕಳು ಅಂಗಳದಾಚೆ, ಚಳಿಗೆ ಬೆಂಕಿಯೂ ಇಲ್ಲದ ಶೆಡ್ಡಿನಲ್ಲಿ. ಅಪ್ಪ ದುಡ್ಡಿನ ವಿಷಯದಲ್ಲಿ ಬಲು ಬಿಗಿ. ಆರ್ಥರ್ ರಾನ್ಸಮ್ ಬರೆದ ಮಕ್ಕಳ ಪುಸ್ತಕಗಳ ಪೂರ್ತಿ ಸೆಟ್ ತಂದು ಬೀರುವಿನಲ್ಲಿ ಬೀಗ ಹಾಕಿಟ್ಟರು. ಕ್ರಿಸ್‌ಮಸ್ಸಿಗೆ ಒಂದು ಪುಸ್ತಕ, ಅದೂ ಮೂವರಿಗೂ ಸೇರಿ. ದೊಡ್ಡವಳು ನೋಟ್‌ಬುಕ್ ತುಂಬ ತಾನೇ ಕತೆ ಬರೆದು ತಂಗಿಯರಿಗೆ ಓದಿ ಹೇಳತೊಡಗಿದ್ದು ಹೀಗೆ. ಎಂಟನೇ ವಯಸ್ಸಿಗೇ ‘ಬರಹಗಾರ್ತಿ ಆಗ್ತೀನಿ’ ಅಂದವಳನ್ನು ನೋಡಿ ಮನೆಯವರು ನಕ್ಕಿದ್ದರು. ಅವಳಿಗೆ ಡಿಸ್ಲೆಕ್ಸಿಯಾ, ಅಂದರೆ ಓದಲು ಬರೆಯಲು ತೊಡಕಾಗುವ ತೊಂದರೆ, ಇತ್ತು.

ಈಗ ಹೌಲ್ ಪುಸ್ತಕದ ಮೊದಲ ಪುಟ ತೆಗೆಯಿರಿ. ಕತೆ ನಡೆಯುವ ನಾಡಿನಲ್ಲಿ ಮೂವರಲ್ಲಿ ಹಿರಿಯರಾಗಿ ಹುಟ್ಟುವುದೇ ಒಂದು ಗ್ರಹಚಾರ. ನಮ್ಮ ಅಜ್ಜಿಕತೆಗಳಲ್ಲೂ ಹಾಗೇ ಅಲ್ಲವೇ, ದೊಡ್ಡವರು ಸೋತು ಬರಬೇಕು, ಕಿರಿಯವನು ಗೆದ್ದು ಬರಬೇಕು. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಕರೆಂಟ್ ಹೋದ ಒಂದು ಸಂಜೆ ಅಕ್ಕನ ಮಗಳಿಗೆ ಇದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಅವಳಿಗೂ ಇಬ್ಬರು ತಂಗಿಯರು. ತಟ್ಟನೆ ಎದ್ದು ಕೂತು, ‘ದೊಡ್ಡೋಳು ಏನ್ ತಪ್ಪು ಮಾಡಿದ್ಲು ಚಿಕ್ಕಮ್ಮಾ?’ ಅಂದಳು. ಜೋನ್ಸ್ ಆ ಪುಸ್ತಕ ಬರೆದದ್ದೇ ಈ ಪ್ರಶ್ನೆ ಇಟ್ಟುಕೊಂಡು ಅಂತ ನನ್ನ ನಂಬಿಕೆ. ಚಲಿಸುವ ಕೋಟೆಯ ಬಗ್ಗೆ ಬರೆಯಿರಿ ಅಂತ ಕೇಳಿದ್ದು ಮಾತ್ರ ಒಂದು ಶಾಲೆಯ ಹುಡುಗ. ಅವನ ಹೆಸರು ಬರೆದು ಜೋಪಾನವಾಗಿ ಎತ್ತಿಟ್ಟದ್ದು ಆಮೇಲೆ ಸಿಗಲೇ ಇಲ್ಲವೆಂದು ಪುಸ್ತಕದಲ್ಲೇ ಹೇಳಿ ಕೃತಜ್ಞತೆ ಸಲ್ಲಿಸಿದ್ದಾರೆ.

ಮದುವೆ, ಮೂವರು ಗಂಡುಮಕ್ಕಳು, ಅದೆಲ್ಲ ಆದ ಮೇಲೆ ಮಕ್ಕಳಿಗಾಗಿ ಬರೆದ ಮೊದಲ ಕಾದಂಬರಿ ಬಂದದ್ದು 1973ರಲ್ಲಿ. ಮಂತ್ರವಾದಿಗಳ ಮನೆಯಲ್ಲಿ ಬೆಳೆಯುವ ಅನಾಥ ಹುಡುಗನ ‘ಚಾರ್ಮ್ಡ್ ಲೈಫ್’ 1977ರದು, ಅಂದರೆ ಹ್ಯಾರಿ ಪಾಟರ್‌ಗಿಂತ ಇಪ್ಪತ್ತು ವರ್ಷ ಮೊದಲು.

ಮಗಳಿಗೆ ಮೊದಲು ಹೌಲ್ ಕೊಡಿ. ಸಿನಿಮಾದಲ್ಲಿರುವಷ್ಟು ಯುದ್ಧ ಪುಸ್ತಕದಲ್ಲಿಲ್ಲ ಅಂತ ಮುಂಚೆಯೇ ಹೇಳಿಬಿಡಿ. ಕೋಟೆಯ ಬಾಗಿಲಿನ ಗುಂಡಿಯನ್ನು ಯಾವ ಬಣ್ಣಕ್ಕೆ ತಿರುಗಿಸುತ್ತಾರೋ ಅದರಂತೆ ಬಾಗಿಲು ಬೇರೆ ಬೇರೆ ಜಾಗಕ್ಕೆ ತೆರೆಯುತ್ತದೆ; ಕಪ್ಪಿಗೆ ತಿರುಗಿಸಿದರೆ ಎಲ್ಲಿಗೆ ಅನ್ನುವುದನ್ನು ಮಾತ್ರ ಹೇಳಬೇಡಿ. ಆಮೇಲೆ ‘ಚಾರ್ಮ್ಡ್ ಲೈಫ್’. ‘ದಿ ಐಲ್ಯಾಂಡ್ಸ್ ಆಫ್ ಚಾಲ್ಡಿಯಾ’ ಕಡೆಗಿರಲಿ. 2011ರಲ್ಲಿ ಜೋನ್ಸ್ ತೀರಿಕೊಂಡಾಗ ಅದು ಅರ್ಧಕ್ಕೆ ನಿಂತಿತ್ತು. ಉಳಿದದ್ದನ್ನು ಬರೆದು ಮುಗಿಸಿದವರು ಅರ್ಸುಲಾ ಜೋನ್ಸ್, ಶೆಡ್ಡಿನಲ್ಲಿ ಅಕ್ಕನ ಕತೆ ಕೇಳುತ್ತಿದ್ದ ಕೊನೆಯ ತಂಗಿ.