ದೊಡ್ಡ ಕ್ಯಾಮ್ ಹಾಕಿದರೆ ವಾಲ್ವ್ ಪಿಸ್ಟನ್‌ಗೆ ತಾಗುತ್ತದೆಯೇ?

ಪ್ರಶ್ನೆ: ಹಾಸನದವನು, ಈಗ ಮಿಷಿಗನ್‌ನಲ್ಲಿದ್ದೇನೆ. 1972ರ ಷೆವರ್ಲೆ ಕ್ಯಾಮರೊ ಕೊಂಡು ಅದರ 350 ಘನ ಇಂಚಿನ ವಿ8 ಎಂಜಿನ್ ಬಿಚ್ಚಿದ್ದೇನೆ. ಅಲ್ಯೂಮಿನಿಯಂ ಹೆಡ್‌ಗಳನ್ನೂ ವಾಲ್ವ್‌ಗಳನ್ನು ತೆರೆಯುವ ದೊಡ್ಡ ಕ್ಯಾಮ್‌ಶಾಫ್ಟನ್ನೂ ತಂದಿಟ್ಟುಕೊಂಡಿದ್ದೇನೆ. ಲಿಫ್ಟ್, ಅಂದರೆ ವಾಲ್ವ್ ತೆರೆದುಕೊಳ್ಳುವ ಎತ್ತರ, ಅರ್ಧ ಇಂಚಿನೊಳಗಿದ್ದರೆ ವಾಲ್ವ್ ಪಿಸ್ಟನ್‌ಗೆ ತಾಗುವುದಿಲ್ಲ, ಅಳೆಯುವುದೇ ಬೇಡ ಎನ್ನುತ್ತಾರೆ ಗೆಳೆಯರು. ನನ್ನ ಕ್ಯಾಮ್‌ನದು 0.480 ಇಂಚು. ಹಾಗೆಯೇ ಜೋಡಿಸಿಬಿಡಲೇ?

ಉತ್ತರ: ಬೇಡ. ನಿಮ್ಮ ಗೆಳೆಯರು ತಪ್ಪು ಸಂಖ್ಯೆಯನ್ನು ಹಿಡಿದುಕೊಂಡಿದ್ದಾರೆ.

ಗಾಳಿ-ಇಂಧನ ಒಳಬಿಡುವ ಇನ್‌ಟೇಕ್ ವಾಲ್ವ್ ಪೂರ್ತಿ ತೆರೆಯುವುದು ಪಿಸ್ಟನ್ ಟಿಡಿಸಿ (ಅದು ಏರುವ ಅತ್ಯಂತ ಮೇಲಿನ ತುದಿ) ದಾಟಿ ಕ್ರ್ಯಾಂಕ್ ಸುಮಾರು 108 ಡಿಗ್ರಿ ತಿರುಗಿದ ಮೇಲೆ. ನಿಮ್ಮ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 3.48 ಇಂಚು, ಆ ಹೊತ್ತಿಗೆ ಪಿಸ್ಟನ್ ಎರಡೂವರೆ ಇಂಚು ಕೆಳಗಿಳಿದಿರುತ್ತದೆ. ಅರ್ಧ ಇಂಚು ತೆರೆದ ವಾಲ್ವ್ ಅದನ್ನು ಮುಟ್ಟುವುದೆಲ್ಲಿ ಬಂತು? ಅಪಾಯವಿರುವುದು ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಇನ್ನೂ ಮುಚ್ಚದೆ, ಇನ್‌ಟೇಕ್ ಆಗಲೇ ತೆರೆಯುತ್ತಿರುವ ಓವರ್‌ಲ್ಯಾಪ್‌ನಲ್ಲಿ. ಟಿಡಿಸಿ ದಾಟಿ 10 ಡಿಗ್ರಿ ಆದಾಗ ಪಿಸ್ಟನ್ ಇಳಿದಿರುವುದು ಬರೀ 0.034 ಇಂಚು, ಒಂದು ಮಿಲಿಮೀಟರ್ ಕೂಡ ಅಲ್ಲ. ವಾಲ್ವ್ ಮಾತ್ರ ಬೆನ್ನಟ್ಟಿ ಬರುತ್ತಿರುತ್ತದೆ. ಹೀಗಾಗಿ ಡ್ಯುರೇಶನ್ (ವಾಲ್ವ್ ತೆರೆದಿರುವ ಅವಧಿ) ಹೆಚ್ಚಿರುವ 0.480ರ ಕ್ಯಾಮ್ ತಾಗಬಹುದು, ಡ್ಯುರೇಶನ್ ಕಡಿಮೆಯಿರುವ 0.520ರದ್ದು ತಾಗದೆ ಇರಬಹುದು. ಹೆಡ್ ಬೇರೆ ಬದಲಾಗುತ್ತಿದೆ. ವಾಲ್ವ್ ದೊಡ್ಡದಾಗಿರಬಹುದು, ಕೂರುವ ಜಾಗ ಸರಿದಿರಬಹುದು. ನಾನೊಮ್ಮೆ ಕ್ಯಾಮ್ ಲೆಕ್ಕವನ್ನೆಲ್ಲ ಸರಿಯಾಗಿ ಹಾಕಿ, ಹೆಡ್ಡಿಗೆ ಎರಡು ಸಲ ಫೇಸಿಂಗ್ (ತಳ ಸವೆಸಿ ಸಮ ಮಾಡುವುದು) ಆಗಿದ್ದನ್ನು ಮರೆತು ಎರಡು ವಾಲ್ವ್ ಬಗ್ಗಿಸಿಕೊಂಡಿದ್ದೇನೆ.

ಅಳೆಯಲು ಮಕ್ಕಳು ಆಡುವ ಬಣ್ಣದ ಜೇಡಿಮಣ್ಣು ಸಾಕು. ಒಂದನೇ ಪಿಸ್ಟನ್ ತಲೆಯ ಮೇಲೆ, ವಾಲ್ವಿಗಾಗಿ ಕೊರೆದ ಗುಳಿಗಳಲ್ಲಿ, ಕಾಲಿಂಚು ದಪ್ಪಕ್ಕೆ ಹೋಳಿಗೆ ತಟ್ಟುವಂತೆ ತಟ್ಟಿ. ವಾಲ್ವಿನ ಮುಖಕ್ಕೆ ಎಣ್ಣೆ ಸವರಿ, ಇಲ್ಲವಾದರೆ ಮಣ್ಣು ಅದಕ್ಕೇ ಮೆತ್ತಿಕೊಂಡು ಬರುತ್ತದೆ. ಒಮ್ಮೆ ಒತ್ತಿದ ಹಳೆಯ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿಯಿರಿ; ಅದರ ದಪ್ಪ ನೀವು ಕೊನೆಗೆ ಹಾಕುವ ಗ್ಯಾಸ್ಕೆಟ್ ಒತ್ತಿದ ಮೇಲಿನ ದಪ್ಪಕ್ಕೆ ಸಮನಾಗಿರಲಿ. ಕ್ಯಾಮ್ ತಳ್ಳುವ, ಎಣ್ಣೆ ತುಂಬಿದ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲಿ ಮೋಸ ಮಾಡುತ್ತದೆ. ವಾಲ್ವ್ ಸ್ಪ್ರಿಂಗ್ ಒತ್ತಿದಾಗ ಅದು ಒಳಗೆ ಕುಸಿದು, ವಾಲ್ವ್ ಪೂರ್ತಿ ತೆರೆಯದೆ, ಇಲ್ಲದ ಸಂದನ್ನು ಇದೆಯೆಂದು ತೋರಿಸುತ್ತದೆ. ಒಂದು ಜೋಡಿ ಕುಸಿಯದ ಸಾಲಿಡ್ ಟ್ಯಾಪೆಟ್ ತಂದು, ಪುಷ್‌ರಾಡ್ (ಟ್ಯಾಪೆಟ್‌ನಿಂದ ಮೇಲೆ ಹೋಗುವ ಕೋಲು) ಉದ್ದ ಹೊಂದಿಸಿ, ಸಡಿಲು ಉಳಿಯದಂತೆ ರಾಕರ್ (ವಾಲ್ವನ್ನು ಒತ್ತುವ ತೋಳು) ಕೂರಿಸಿ. ಆಮೇಲೆ ಕ್ರ್ಯಾಂಕನ್ನು ಪಾನಾ ಹಿಡಿದು ಕೈಯಲ್ಲೇ, ಎಂಜಿನ್ ಓಡುವ ದಿಕ್ಕಿಗೇ, ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ. ಅಲ್ಲಿ ಬಲ ಹಾಕಿದರೆ ವಾಲ್ವ್ ಬಗ್ಗುತ್ತದೆ.

ಹೆಡ್ ತೆಗೆದರೆ ಮಣ್ಣಿನಲ್ಲಿ ಎರಡು ವಾಲ್ವಿನ ಅಚ್ಚು ಕಾಣುತ್ತದೆ. ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸಿ, ಅತಿ ತೆಳುವಾದ ಕಡೆ ವರ್ನಿಯರ್ ಹಿಡಿಯಿರಿ. ಇನ್‌ಟೇಕ್‌ಗೆ 0.080 ಇಂಚು, ಅಂದರೆ 2 ಮಿ.ಮೀ.; ಎಕ್ಸಾಸ್ಟ್‌ಗೆ 0.100 ಇಂಚು, 2.5 ಮಿ.ಮೀ. ಇದಕ್ಕಿಂತ ಕಡಿಮೆಯಾಗಬಾರದು. ಎಕ್ಸಾಸ್ಟ್‌ಗೇಕೆ ಹೆಚ್ಚು ಎಂದರೆ, ಅಲ್ಲಿ ಮೇಲೇರುವ ಪಿಸ್ಟನ್ನೇ ಮುಚ್ಚುತ್ತಿರುವ ವಾಲ್ವನ್ನು ಅಟ್ಟಿಸಿಕೊಂಡು ಬರುತ್ತದೆ. ವೇಗ ಹೆಚ್ಚಿ ಸ್ಪ್ರಿಂಗ್ ಸೋತರೆ ವಾಲ್ವ್ ತಡವಾಗಿ ಮುಚ್ಚುತ್ತದೆ. ಟೈಮಿಂಗ್ ಚೈನ್ ಹಳೆಯದಾಗಿ ಸಡಿಲಗೊಂಡರೂ ಪರಿಣಾಮ ಅದೇ.

ಮಣ್ಣಿಗಿಂತ ನನಗೆ ಹೆಚ್ಚು ನಂಬಿಕೆ ಸೂಕ್ಷ್ಮ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜಿನ ಮೇಲೆ. ಒಂದು ಸಿಲಿಂಡರ್‌ನ ವಾಲ್ವ್‌ಗಳಿಗೆ ಗಟ್ಟಿ ಸ್ಪ್ರಿಂಗ್ ಬದಲು ಬೆರಳಿಗೆ ಬಗ್ಗುವ ಮೆತ್ತನೆಯ ಸ್ಪ್ರಿಂಗ್ ಹಾಕಿ, ಓವರ್‌ಲ್ಯಾಪ್ ಕಡೆಯ ಟಿಡಿಸಿಯ ಹಿಂದೆ ಮುಂದೆ 20 ಡಿಗ್ರಿಯವರೆಗೆ, ಎರಡೆರಡು ಡಿಗ್ರಿಗೆ ನಿಲ್ಲಿಸಿ ರಾಕರ್ ಒತ್ತಿ. ವಾಲ್ವ್ ಪಿಸ್ಟನ್‌ಗೆ ಮುಟ್ಟುವವರೆಗೆ ಮುಳ್ಳು ಎಷ್ಟು ಸರಿಯಿತೋ ಅಷ್ಟು ಸಂದು. ಅತಿ ಕಡಿಮೆ ಸಿಗುವುದು ಸಾಮಾನ್ಯವಾಗಿ ಎಕ್ಸಾಸ್ಟ್‌ಗೆ ಟಿಡಿಸಿಗೆ 10 ಡಿಗ್ರಿ ಮೊದಲು, ಇನ್‌ಟೇಕ್‌ಗೆ 10 ಡಿಗ್ರಿ ನಂತರ. ನಿಖರವಾಗಿ ಟಿಡಿಸಿಯಲ್ಲೇ ಅಳೆದು ಸುಮ್ಮನಾದವರನ್ನು ಬಹಳ ಕಂಡಿದ್ದೇನೆ.

ಎಕ್ಸಾಸ್ಟ್ 0.092 ಬಂತು, ಇನ್‌ಟೇಕ್ 0.112 ಇದೆ ಎನ್ನಿ. ಕ್ಯಾಮನ್ನು ತುಸು ಮುಂದಕ್ಕೆ ತಿರುಗಿಸಿಟ್ಟರೆ, ಅಂದರೆ ಅಡ್ವಾನ್ಸ್ ಮಾಡಿದರೆ, ಎಕ್ಸಾಸ್ಟ್ ಬೇಗ ಮುಚ್ಚಿ ಅಲ್ಲಿ ಸಂದು ಹೆಚ್ಚುತ್ತದೆ, ಇನ್‌ಟೇಕ್‌ನಲ್ಲಿ ಕರಗುತ್ತದೆ. ನಿಮ್ಮಲ್ಲಿ ಇನ್‌ಟೇಕ್ ಕಡೆ ಬಿಟ್ಟುಕೊಡಲು ಜಾಗವಿದ್ದಾಗ ಮಾತ್ರ ಇದು ಲಾಭ. ಹೀಗೆ ಮಾಡಿದ ಮೇಲೆ ಎರಡನ್ನೂ ಮತ್ತೆ ಅಳೆಯಬೇಕು. ದಪ್ಪ ಗ್ಯಾಸ್ಕೆಟ್ ಹಾಕುವ ಉಪಾಯ ನನಗೆ ಹಿಡಿಸದು. ಸಂದು ಸಿಕ್ಕರೂ ಕಂಪ್ರೆಶನ್ ಕಳೆದುಕೊಳ್ಳುತ್ತೀರಿ. ತೀರಾ ಕಡಿಮೆಯಿದ್ದರೆ ಮೆಷಿನ್ ಶಾಪ್‌ನಲ್ಲಿ ಪಿಸ್ಟನ್ ಗುಳಿಯನ್ನು ಆಳ ಮಾಡಿಸುವುದೇ ದಾರಿ. ಎಷ್ಟು ಲೋಹ ಉಳಿಯುತ್ತದೆಂದು ಮೊದಲು ನೋಡಲಿ.

ಅಚ್ಚಿನ ಅಂಚನ್ನೂ ನೋಡಿ: ವಾಲ್ವಿನ ಸುತ್ತ ಗುಳಿಯ ಗೋಡೆಗೆ 0.050 ಇಂಚಾದರೂ ಬಿಡುವಿರಬೇಕು. ಇನ್ನೊಂದು ಬದಿಯ ಹೆಡ್‌ನಲ್ಲೂ ಒಂದು ಸಿಲಿಂಡರ್ ಅಳೆಯಿರಿ. ಕೊನೆಗೆ ಮಣ್ಣಿನ ಚೂರುಗಳನ್ನು ಪಿಸ್ಟನ್ ಅಂಚಿನಿಂದ ಕೆರೆದು ತೆಗೆದು, ಮೆತ್ತನೆಯ ಸ್ಪ್ರಿಂಗ್‌ಗಳನ್ನು ಬಿಚ್ಚಿಟ್ಟು, ನಂತರವೇ ಹೊಸ ಗ್ಯಾಸ್ಕೆಟ್‌ನ ಪ್ಯಾಕೆಟ್ ಹರಿಯಿರಿ.